ಸೋಂಕಿನ ಜಾಡು

(ಬಾನುಲಿ ಭಾಷಣ)

‘ಸೋಂಕು’ ಎಂಬ ಕನ್ನಡದ ಮಾತಿಗೆ ಮೊದಲ ಅರ್ಥ ರೋಗವಲ್ಲ, ಮುಟ್ಟುವಿಕೆ. ತಂಗಾಳಿ ಮೈಗೆ ಸೋಂಕಿತು, ಸೆರಗು ಸೋಂಕಿತು ಎಂದು ನಮ್ಮ ಹಿಂದಿನವರು ಹೇಳುತ್ತಿದ್ದಾಗ ಅದರಲ್ಲಿ ಭಯದ ಸುಳಿವೂ ಇರಲಿಲ್ಲ. ಅದೇ ಮಾತು ಒಬ್ಬರಿಂದೊಬ್ಬರಿಗೆ ಹತ್ತುವ ಜಾಡ್ಯಕ್ಕೂ ಸಂದಿರುವುದರಲ್ಲಿ ಒಂದು ತಿಳಿವಳಿಕೆಯಿದೆ. ಅಂಟುರೋಗ ಆಕಾಶದಿಂದ ಉದುರುವುದಿಲ್ಲ. ಮನುಷ್ಯರು ಒಬ್ಬರ ಮಗ್ಗುಲಲ್ಲಿ ಒಬ್ಬರು ಕುಳಿತು ಮಾತನಾಡಿದ್ದರಿಂದ, ಕೂಡಿ ಉಂಡದ್ದರಿಂದ, ಹಾಸಿಗೆ ಹಿಡಿದವರ ಬಳಿ ಕುಳಿತು ಗಂಜಿ ಕುಡಿಸಿದ್ದರಿಂದ ಅದು ಮುಂದೆ ಮುಂದೆ ನಡೆಯುತ್ತದೆ. ನಮ್ಮ ಬಾಳುವೆ ಯಾವ ದಾರಿಯಲ್ಲಿ ಸಾಗುತ್ತದೆಯೋ ಅದರ ದಾರಿಯೂ ಅದೇ.

೨೦೨೦ರಲ್ಲಿ ಕೊರೋನಾ ನಮ್ಮ ನಾಡಿಗೆ ಬಂದಾಗ ಊರೂರಿನ ಮನೆಗಳಲ್ಲಿ ದೂರವಾಣಿ ಮೊಳಗಿ, ಅಪರಿಚಿತ ಕಂಠವೊಂದು ಒಂದೇ ಪ್ರಶ್ನೆಯನ್ನು ಕೇಳುತ್ತಿತ್ತು: ‘ಈಚಿನ ದಿನಗಳಲ್ಲಿ ತಾವು ಯಾರಾರನ್ನು ಕಂಡಿದ್ದೀರಿ?’ ಹಲವರು ಈ ಪ್ರಶ್ನೆಗೆ ಸಿಡುಕಿದರು, ಕೆಲವರು ಹೆದರಿದರು, ಸುಳ್ಳು ಹೇಳಿದವರೂ ಉಂಟು. ಆ ಪ್ರಶ್ನೆಯನ್ನು ಏಕೆ ಕೇಳುತ್ತಾರೆ, ಅದಕ್ಕೆ ಬರುವ ಉತ್ತರದಿಂದ ಏನಾಗುತ್ತದೆ, ಉತ್ತರ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಕೇಳುಗರೊಡನೆ ಕೊಂಚ ವಿಚಾರ ಮಾಡಬೇಕೆಂಬುದು ನನ್ನ ಉದ್ದೇಶ.

ಮೊದಲು ವೈರಸ್ಸಿನ ಪರಿಚಯ. ಕೊರೋನಾ ಎಂಬುದು ಒಂದು ವೈರಸ್ಸಿನ ಹೆಸರಲ್ಲ, ಒಂದು ಕುಲದ ಹೆಸರು. ಕೋಳಿಗಳ ಶ್ವಾಸನಾಳಕ್ಕೆ ಬರುವ ರೋಗವೊಂದನ್ನು ೧೯೩೦ರ ದಶಕದಲ್ಲೇ ವಿಜ್ಞಾನಿಗಳು ಗುರುತಿಸಿದ್ದರು. ಅದರ ಕಾರಣಪುರುಷ ಈ ಕುಲದವನೇ. ಮನುಷ್ಯನ ಕೊರೋನಾ ವೈರಸ್ಸು ಕಣ್ಣಿಗೆ ಬಿದ್ದದ್ದು ೧೯೬೦ರ ದಶಕದಲ್ಲಿ. ಇಂಗ್ಲೆಂಡಿನ ಸಾಲಿಸ್ಬರಿಯ ನೆಗಡಿ ಸಂಶೋಧನ ಕೇಂದ್ರದಲ್ಲಿ ಡೇವಿಡ್ ಟಿರೆಲ್ ಅವರ ಬಳಿ ಒಂದು ವಿಚಿತ್ರ ಮಾದರಿಯಿತ್ತು. ಅದನ್ನು ಮೂಗಿಗೆ ಬಿಟ್ಟರೆ ನೆಗಡಿ ಬರುತ್ತಿತ್ತು. ಆದರೆ ಅದು ಆಗ ತಿಳಿದಿದ್ದ ಯಾವ ವೈರಸ್ಸಿಗೂ ಹೊಂದುತ್ತಿರಲಿಲ್ಲ. ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡುಹಿಡಿದವರು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿದ್ದ ಜೂನ್ ಅಲ್ಮೈಡಾ. ಆಕೆ ಗ್ಲಾಸ್ಗೋ ನಗರದ ಬಸ್ಸು ಚಾಲಕನೊಬ್ಬನ ಮಗಳು. ಹದಿನಾರನೆಯ ವಯಸ್ಸಿಗೇ ಶಾಲೆ ಬಿಟ್ಟವರು. ಕಂಡ ಕಣದ ಸುತ್ತ ಮುಳ್ಳುಗಳ ಒಂದು ವಲಯವಿತ್ತು. ಅದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಕಿರೀಟವೆಂಬ ಅರ್ಥದ ‘ಕೊರೋನಾ’ ಎಂಬ ಹೆಸರು ೧೯೬೮ರಲ್ಲಿ ಬಂದಿತು. ಗ್ರಹಣಕಾಲದಲ್ಲಿ ಸೂರ್ಯನ ಸುತ್ತ ತೋರುವ ಬೆಳಕಿಗೂ ಇದೇ ಹೆಸರು. ನಮ್ಮ ದೇವಸ್ಥಾನಗಳಲ್ಲಿ ಮೂರ್ತಿಯ ಹಿಂದಿನ ಪ್ರಭಾವಳಿಯನ್ನು ನೋಡಿದವರಿಗೆ ಆ ಆಕಾರವನ್ನು ಬೇರೆ ವಿವರಿಸಬೇಕಾಗಿಲ್ಲ.

ಪ್ರಭಾವಳಿಯೇನೋ ದೊಡ್ಡದು, ಮೂರ್ತಿ ಮಾತ್ರ ಅತ್ಯಲ್ಪ. ಹತ್ತು ಸಾವಿರ ಕಣಗಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಒಂದು ಮಿಲಿಮೀಟರು ಉದ್ದವಾದೀತು. ಕಣದ ಒಳಗಿರುವುದು ಆರ್‌ಎನ್‌ಎ ಎಂಬ ದಾರದಲ್ಲಿ ಸುಮಾರು ೩೦,೦೦೦ ಅಕ್ಷರಗಳಲ್ಲಿ ಬರೆದ ಒಂದು ಬರವಣಿಗೆ. ಹೊರಗೆ ಕೊಬ್ಬಿನ ತೆಳುಪೊರೆ. ಪೊರೆಯ ಮೇಲೆ ಮುಳ್ಳು. ತಾನಾಗಿ ಅದು ಉಣ್ಣದು, ಉಸಿರಾಡದು, ಮರಿ ಹಾಕದು. ನಮ್ಮ ಮೂಗು, ಗಂಟಲು, ಶ್ವಾಸಕೋಶಗಳ ಜೀವಕೋಶದ ಮೇಲಿರುವ ಒಂದು ಪ್ರೋಟೀನಿಗೆ ಅದರ ಮುಳ್ಳು ಬೀಗದಲ್ಲಿ ಬೀಗದಕೈ ಕೂತಂತೆ ಕೂತರೆ, ಒಳಗಿನ ಬರವಣಿಗೆ ಕೋಶದೊಳಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಕೋಶ ತನ್ನ ಕೆಲಸ ಬಿಟ್ಟು ಅದರ ಪ್ರತಿಗಳನ್ನು ತೆಗೆಯುವ ಅಚ್ಚುಕೂಟವಾಗುತ್ತದೆ. ಅಭ್ಯಂಜನದ ದಿನ ಸೀಗೆಪುಡಿ ಎಣ್ಣೆಯ ಜಿಡ್ಡನ್ನು ಬಿಡಿಸುವ ಹಾಗೆ ಸಾಬೂನು ಆ ಕೊಬ್ಬಿನ ಪೊರೆಯನ್ನು ಕಳಚಿಬಿಡುತ್ತದೆ. ಕೈ ತೊಳೆಯಿರೆಂದು ಅಷ್ಟೊಂದು ಹೇಳಿದ್ದು ಇದರಿಂದಾಗಿಯೇ. ಆದರೆ ಈ ವೈರಸ್ಸು ಬಹುಮಟ್ಟಿಗೆ ಹರಡುವುದು ಉಸಿರಿನಿಂದ, ಮಾತಿನಿಂದ, ಕೆಮ್ಮಿನಿಂದ. ಗಾಳಿಯಾಡದ ಕೋಣೆಯಲ್ಲಿ ಬಹುಹೊತ್ತು ಒಟ್ಟಿಗಿರುವುದೇ ಅದಕ್ಕೆ ಅನುಕೂಲ.

ಈ ಕುಲದ ನಾಲ್ಕು ವೈರಸ್ಸುಗಳು ನಮಗೆ ಬಹುಕಾಲದಿಂದ ಸಾಧಾರಣ ನೆಗಡಿಯನ್ನಷ್ಟೇ ಕೊಡುತ್ತಿದ್ದವು. ಆದುದರಿಂದ ಅವುಗಳ ಕಡೆ ಯಾರೂ ಹೆಚ್ಚು ಗಮನ ಕೊಟ್ಟಿರಲಿಲ್ಲ. ೨೦೦೨ರ ನವೆಂಬರಿನಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಸಾರ್ಸ್ ರೋಗ ತಲೆದೋರಿದಾಗ ಈ ಉದಾಸೀನ ಮುಗಿಯಿತು. ಆ ರೋಗದ ಕಥೆಯಲ್ಲಿ ಒಂದು ರಾತ್ರಿಯ ಪ್ರಸಂಗವಿದೆ. ಸಂಪರ್ಕ ಶೋಧನೆ ಎಂದರೇನೆಂಬುದನ್ನು ಅದಕ್ಕಿಂತ ಚೆನ್ನಾಗಿ ಬೇರೆ ಯಾವುದೂ ತಿಳಿಸಲಾರದು.

ರೋಗಿಗಳಿಗೆ ಚಿಕಿತ್ಸೆ ಮಾಡಿದ್ದ ಗುವಾಂಗ್‌ಡಾಂಗಿನ ವೈದ್ಯರೊಬ್ಬರು ಬಂಧುಗಳ ಮದುವೆಗೆಂದು ೨೦೦೩ರ ಫೆಬ್ರುವರಿ ೨೧ರಂದು ಹಾಂಗ್‌ಕಾಂಗಿಗೆ ಬಂದು ಒಂದು ಹೋಟೆಲಿನ ಒಂಬತ್ತನೆಯ ಮಹಡಿಯಲ್ಲಿ ಇಳಿದರು. ಮರುದಿನ ಆಸ್ಪತ್ರೆ ಸೇರಿದರು; ಮತ್ತೆ ಏಳಲಿಲ್ಲ. ಅದೇ ಮಹಡಿಯಲ್ಲಿ ತಂಗಿದ್ದ, ಅವರ ಪರಿಚಯವೇ ಇಲ್ಲದ ಜನ ತಮ್ಮ ತಮ್ಮ ದಾರಿ ಹಿಡಿದರು. ಒಬ್ಬರು ಟೊರಾಂಟೋ ನಗರಕ್ಕೆ, ಒಬ್ಬರು ಹನೋಯಿಗೆ, ಕೆಲವರು ಸಿಂಗಪುರಕ್ಕೆ ತಲಪಿದರು. ಕೆಲವು ದಿನಗಳಲ್ಲಿ ಮೂರು ದೇಶಗಳ ಆಸ್ಪತ್ರೆಗಳಲ್ಲಿ ಹೆಸರಿಲ್ಲದ ಒಂದೇ ಬಗೆಯ ಜ್ವರ ಕಾಣಿಸಿತು. ಹನೋಯಿಯಲ್ಲಿದ್ದ ವಿಶ್ವ ಆರೋಗ್ಯ ಸಂಸ್ಥೆಯ ವೈದ್ಯ ಕಾರ್ಲೋ ಉರ್ಬಾನಿ ಇದು ಹೊಸ ರೋಗವೆಂದು ಮೊದಲು ಎಚ್ಚರಿಸಿದರು. ಅದೇ ರೋಗದಿಂದ ಮಾರ್ಚ್ ೨೯ರಂದು ತೀರಿಕೊಂಡರು. ಈ ಚದುರಿದ ರೋಗಿಗಳಿಗೆಲ್ಲ ಸಂಬಂಧವೇನು? ಶೋಧಕರು ಒಬ್ಬೊಬ್ಬರ ದಿನಚರಿಯನ್ನೂ ಹಿಂದಕ್ಕೆ ಓದುತ್ತ ಹೋದಾಗ ಎಲ್ಲ ದಾರಿಗಳೂ ಆ ಒಂಬತ್ತನೆಯ ಮಹಡಿಯಲ್ಲಿ ಬಂದು ಕೂಡಿದವು.

ಸಾರ್ಸ್ ಎಂಟು ಸಾವಿರಕ್ಕೂ ಹೆಚ್ಚು ಮಂದಿಗೆ ತಗಲಿ ೭೭೪ ಜನರನ್ನು ಬಲಿ ತೆಗೆದುಕೊಂಡಿತು. ಆದರೂ ೨೦೦೩ರ ಜುಲೈ ೫ರಂದು ಅದರ ಸರಪಳಿ ಕಡಿದುಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಲು ಸಾಧ್ಯವಾಯಿತು. ಲಸಿಕೆ ಇರಲಿಲ್ಲ, ನೆಚ್ಚತಕ್ಕ ಔಷಧಿ ಇರಲಿಲ್ಲ. ಇದ್ದದ್ದು ರೋಗಿಯನ್ನು ಗುರುತಿಸುವುದು, ಪ್ರತ್ಯೇಕಿಸುವುದು, ಅವನ ಸಂಪರ್ಕದವರನ್ನು ಹುಡುಕಿ ಕಾಯುವುದು, ಇಷ್ಟೇ. ವೈರಸ್ಸಿನ ಒಂದು ಸ್ವಭಾವವೂ ನೆರವಾಯಿತು. ಸಾರ್ಸ್ ರೋಗಿ ಇತರರಿಗೆ ಹೆಚ್ಚಾಗಿ ಹರಡುತ್ತಿದ್ದುದು ಜ್ವರ ಬಲಿತು, ಹಾಸಿಗೆ ಹಿಡಿದ ಮೇಲೆ. ೨೦೧೯ರ ಕೊನೆಯಲ್ಲಿ ಚೀನಾದ ವುಹಾನ್ ನಗರದಲ್ಲಿ ಕಾಣಿಸಿಕೊಂಡ ಅದರ ದಾಯಾದಿಯ ಸ್ವಭಾವ ಬೇರೆ. ಅದು ಜ್ವರ ಬರುವುದಕ್ಕೆ ಒಂದೆರಡು ದಿನ ಮೊದಲೇ ಹರಡಲು ತೊಡಗುತ್ತದೆ. ಕೆಲವರಲ್ಲಿ ಜ್ವರವನ್ನೇ ತಾರದೆ ಹರಡುತ್ತದೆ. ತನಗೆ ರೋಗವಿದೆಯೆಂದು ಅರಿಯದವನು ಮದುವೆಯ ಪಂಕ್ತಿಯಲ್ಲಿ ಕುಳಿತಿರುತ್ತಾನೆ. ಸಂಪರ್ಕ ಶೋಧನೆ ಈಗ ವೈರಸ್ಸಿನ ಹಿಂದೆ ನಡೆಯುವ ಕೆಲಸವಾಗಿ ಉಳಿಯಲಿಲ್ಲ. ಅದರ ಮುಂದೆ ಓಡಬೇಕಾಯಿತು.

ಅದನ್ನು ಮಾಡುವ ಕ್ರಮ ಹೀಗೆ. ಒಬ್ಬರಿಗೆ ರೋಗವಿದೆಯೆಂದು ಪರೀಕ್ಷೆಯಿಂದ ಖಚಿತವಾದೊಡನೆ, ರೋಗಲಕ್ಷಣ ತೋರಿದ ದಿನದಿಂದ ಎರಡು ದಿನ ಹಿಂದಕ್ಕೆ ಹೋಗಿ, ಅಲ್ಲಿಂದ ಈಚೆಗೆ ಅವರು ಯಾರ ಸಮೀಪದಲ್ಲಿದ್ದರೆಂಬ ಪಟ್ಟಿ ಮಾಡಬೇಕು. ಒಂದೇ ಮನೆಯವರು, ಆರೈಕೆ ಮಾಡಿದವರು, ಹತ್ತಿರದಲ್ಲಿ ಸುಮಾರು ಕಾಲುಗಂಟೆಗೂ ಹೆಚ್ಚು ಕಾಲ ಮುಖಾಮುಖಿ ಇದ್ದವರು ಪ್ರಾಥಮಿಕ ಸಂಪರ್ಕದವರು. ಅವರನ್ನು ಕಂಡವರು ದ್ವಿತೀಯ ಸಂಪರ್ಕದವರು. ಪ್ರಾಥಮಿಕ ಸಂಪರ್ಕದವರನ್ನು ಬೇರೆಯಾಗಿರಿಸಿ ಪರೀಕ್ಷಿಸಬೇಕು. ಬಹುಮಂದಿಯಲ್ಲಿ ರೋಗ ಹೊರಬೀಳಲು ಆಗ ಸುಮಾರು ಐದು ದಿನ ಬೇಕಾಗುತ್ತಿತ್ತು, ಕೆಲವರಿಗೆ ಎರಡು ವಾರ. ೨೦೨೦ರಲ್ಲಿ ಹದಿನಾಲ್ಕು ದಿನಗಳ ಪ್ರತ್ಯೇಕವಾಸ ಗೊತ್ತಾದದ್ದು ಈ ಲೆಕ್ಕದಿಂದ.

ಕ್ರಮವನ್ನು ಹೇಳುವುದು ಸುಲಭ, ಕೇಳಿ ತಿಳಿಯುವುದು ಕಷ್ಟ. ಇಂಥ ಒಂದು ಸಂಭಾಷಣೆಯನ್ನು ಊಹಿಸಿಕೊಳ್ಳೋಣ. ನಿವೃತ್ತರಾದ ಹಿರಿಯರೊಬ್ಬರನ್ನು ಶೋಧನೆಯ ಕೆಲಸಕ್ಕೆ ನೇಮಕವಾದ ಶಾಲಾ ಉಪಾಧ್ಯಾಯಿನಿ ದೂರವಾಣಿಯಲ್ಲಿ ಕೇಳುತ್ತಾರೆ. ‘ಯಾರನ್ನೂ ನೋಡಿಲ್ಲಮ್ಮಾ, ನಾನು ಮನೆ ಬಿಟ್ಟು ಕದಲಿಲ್ಲ’ ಎಂಬುದೇ ಮೊದಲ ಉತ್ತರ. ಆಕೆ ವಾದಿಸುವುದಿಲ್ಲ. ‘ಹಾಲು ಯಾರು ತರುತ್ತಾರೆ ಸಾರ್?’ ಎನ್ನುತ್ತಾರೆ. ಹಾಲಿನ ಹುಡುಗ ಬಾಗಿಲಲ್ಲಿಟ್ಟು ಹೋಗುತ್ತಾನೆ, ಅವನು ಲೆಕ್ಕಕ್ಕಿಲ್ಲ. ‘ಸೋಮವಾರ ಬೆಳಿಗ್ಗೆ ಏನು ಮಾಡಿದಿರಿ?’ ಪಿಂಚಣಿಗೆಂದು ಬ್ಯಾಂಕಿಗೆ ಹೋಗಿದ್ದರಂತೆ. ಅದೆಷ್ಟು ಮಹಾ, ಐದು ನಿಮಿಷ. ಆದರೆ ಸಾಲಿನಲ್ಲಿ ಮುಕ್ಕಾಲು ಗಂಟೆ ಹಳೆಯ ಸಹೋದ್ಯೋಗಿಯೊಡನೆ ಮಾತಾಡುತ್ತ ನಿಂತಿದ್ದರು. ‘ಸಂಜೆ?’ ‘ಸಂಜೆ ಮಗಳು ಮೊಮ್ಮಗುವನ್ನು ಕರಕೊಂಡು ಬಂದಿದ್ದಳು. ಅವಳೇನು ಹೊರಗಿನವಳೇನಮ್ಮಾ?’ ಇಲ್ಲಿಯೇ ಇರುವುದು ಆ ಕೆಲಸದ ಮರ್ಮ. ನಮ್ಮವರನ್ನು ನಾವು ‘ಸಂಪರ್ಕ’ ಎಂದು ಎಣಿಸುವುದೇ ಇಲ್ಲ. ವೈರಸ್ಸಿಗಾದರೋ ನಮ್ಮವರೇ ಅತಿ ಸುಲಭದ ಮೆಟ್ಟಿಲು. ದೂರವಾಣಿಗಳ ಸಾಮೀಪ್ಯವನ್ನು ತಾವೇ ಗುರುತಿಟ್ಟುಕೊಳ್ಳುವ ಯಂತ್ರೋಪಾಯಗಳೂ ಆ ವರ್ಷ ಬಂದವು. ಆದರೆ ಇಬ್ಬರ ನಡುವೆ ಗೋಡೆಯಿತ್ತೇ, ಕಿಟಕಿ ತೆರೆದಿತ್ತೇ, ಮಗು ತೊಡೆಯ ಮೇಲೆ ಕುಳಿತಿತ್ತೇ ಎಂಬುದು ಯಂತ್ರಕ್ಕೆ ತಿಳಿಯದು.

ಇಷ್ಟೆಲ್ಲ ಶ್ರಮದಿಂದ ಸಿಗುವ ಫಲವೇನು? ಒಂದು ಸಣ್ಣ ಗುಣಾಕಾರ ಮಾಡಿ ನೋಡಬಹುದು. ಒಬ್ಬ ರೋಗಿ ಮೂವರಿಗೆ ಹರಡುತ್ತಾನೆಂದು ಇಟ್ಟುಕೊಳ್ಳೋಣ. ಹತ್ತು ಹೆಜ್ಜೆ ಕಳೆದಾಗ ಹತ್ತನೆಯ ಹೆಜ್ಜೆಯಲ್ಲಿ ರೋಗ ಹತ್ತಿಸಿಕೊಂಡವರ ಸಂಖ್ಯೆ ೫೯,೦೪೯. ಮೂವರಲ್ಲಿ ಒಬ್ಬನನ್ನು ಮಾತ್ರ ತಡೆದರೆ ಅದೇ ಸಂಖ್ಯೆ ೧,೦೨೪ಕ್ಕೆ ಇಳಿಯುತ್ತದೆ. ಇಬ್ಬರನ್ನು ತಡೆದರೆ ಒಂದೇ ಒಂದು. ಎಲ್ಲರನ್ನೂ ಹುಡುಕಲಾಗದಿದ್ದರೂ ಕೆಲವರನ್ನು ಬೇಗ ಹುಡುಕಿದರೆ ಸಾವಿರಾರು ಜನ ಉಳಿಯುತ್ತಾರೆ.

ವಾಸ್ತವದಲ್ಲಿ ಹರಡುವಿಕೆ ಇಷ್ಟು ಸಮನಾಗಿಯೂ ಇರುವುದಿಲ್ಲ. ತಮಿಳುನಾಡು ಮತ್ತು ಆಂಧ್ರಪ್ರದೇಶಗಳ ಶೋಧಕರು ಸುಮಾರು ೮೫,೦೦೦ ರೋಗಿಗಳ ಐದೂಮುಕ್ಕಾಲು ಲಕ್ಷ ಸಂಪರ್ಕದವರನ್ನು ಹುಡುಕಿ ಪರೀಕ್ಷಿಸಿದ ವಿವರ ೨೦೨೦ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ರೋಗಿಗಳ ಸಂಪರ್ಕದವರಲ್ಲಿ ಒಬ್ಬರಿಗೂ ಸೋಂಕು ಕಂಡಿರಲಿಲ್ಲ. ಬಹುಮಂದಿಯಿಂದ ಯಾರಿಗೂ ಇಲ್ಲ, ಕೆಲವರಿಂದ ಹಲವರಿಗೆ ಎಂಬುದು ಇದರಿಂದ ಸ್ಪಷ್ಟವಾಯಿತು. ಆದುದರಿಂದ ರೋಗಿ ಮುಂದೆ ಯಾರಿಗೆ ಕೊಟ್ಟನೆಂದು ಕೇಳುವಷ್ಟೇ ಮುಖ್ಯವಾಗಿ, ಅವನಿಗೆ ಎಲ್ಲಿಂದ ಬಂತೆಂದು ಹಿಂದಕ್ಕೂ ಕೇಳಬೇಕು. ಹಿಂದಕ್ಕೆ ಹೋದರೆ ಹಲವರಿಗೆ ಒಟ್ಟಿಗೆ ಹತ್ತಿದ ತಾಣ ಸಿಗುತ್ತದೆ. ಅದರಿಂದ ಹೊರಟ ಉಳಿದ ಕವಲುಗಳೂ ಸಿಗುತ್ತವೆ. ಜಪಾನಿನ ಆರೋಗ್ಯಕೇಂದ್ರಗಳು ಮೊದಲಿನಿಂದಲೂ ಈ ಹಿಮ್ಮುಖ ಶೋಧನೆಗೆ ಒತ್ತು ಕೊಟ್ಟವು.

ನಮ್ಮ ನಾಡಿನಲ್ಲೇ ಇದರ ನಿದರ್ಶನವಿದೆ. ೨೦೨೦ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಲ್ಲಿ ಸೋಂಕು ಪತ್ತೆಯಾಯಿತು. ಅವರು ವಿದೇಶಕ್ಕೆ ಹೋಗಿ ಬಂದವರಲ್ಲ. ಜಾಡು ಹಿಡಿದು ಹೊರಟಾಗ ಸಹೋದ್ಯೋಗಿಗಳು, ಮನೆಯವರು, ಅವರ ಸಂಪರ್ಕದವರು ಹೀಗೆ ಎಪ್ಪತ್ತಕ್ಕೂ ಹೆಚ್ಚು ಸೋಂಕಿತರು ಸಿಕ್ಕಿದರು. ಸಾವಿರಕ್ಕೂ ಹೆಚ್ಚು ಜನ ಪ್ರತ್ಯೇಕವಾಸದಲ್ಲಿದ್ದರು. ಮೂಲ ಯಾವುದೆಂಬುದು ನಿರ್ವಿವಾದವಾಗಿ ಇತ್ಯರ್ಥವಾಗಲಿಲ್ಲ. ಆದರೂ ಸರಪಳಿ ಕಡಿಯಿತು. ಮೇ ತಿಂಗಳ ನಡುವಿನ ವೇಳೆಗೆ ಮೈಸೂರು ಜಿಲ್ಲೆಯ ಅಂದಿನ ರೋಗಿಗಳೆಲ್ಲರೂ ಗುಣಹೊಂದಿ ಮನೆಗೆ ಮರಳಿದ್ದರು; ಒಂದು ಸಾವೂ ಆಗಿರಲಿಲ್ಲ. ಆರಂಭವನ್ನು ಅರಿಯದೆಯೂ ಅಂತ್ಯವನ್ನು ತರಬಹುದೆಂಬುದು ಈ ಪ್ರಕರಣದ ಪಾಠ.

ಜಾಡು ಹಿಡಿಯಲು ಮನುಷ್ಯನ ನೆನಪಲ್ಲದೆ ಇನ್ನೊಂದು ಸಾಕ್ಷಿಯೂ ಇದೆ. ಸಾಹಿತ್ಯಾಸಕ್ತರಿಗೆ ಅದು ಹೊಸದೆನಿಸಲಾರದು. ಓಲೆಗರಿಯ ಗ್ರಂಥವನ್ನು ಪ್ರತಿ ಮಾಡುವ ಲಿಪಿಕಾರ ಒಂದೆರಡು ತಪ್ಪು ಮಾಡುತ್ತಾನೆ. ಅವನ ಪ್ರತಿಯನ್ನು ನೋಡಿ ಬರೆದವನು ಆ ತಪ್ಪುಗಳನ್ನೂ ಉಳಿಸಿ, ತನ್ನದೊಂದನ್ನು ಸೇರಿಸುತ್ತಾನೆ. ಈ ಪಾಠಾಂತರಗಳನ್ನು ಹೋಲಿಸಿಯೇ ಗ್ರಂಥಸಂಪಾದಕರು ಯಾವ ಪ್ರತಿ ಯಾವುದರಿಂದ ಹುಟ್ಟಿತೆಂದು ನಿರ್ಣಯಿಸುವುದು. ವೈರಸ್ಸಿನ ಬರವಣಿಗೆಯಲ್ಲೂ ಹೀಗೆಯೇ. ಕೊರೋನಾ ಕುಲಕ್ಕೆ ತನ್ನದೇ ಆದ ಕರಡು ತಿದ್ದುವ ಏರ್ಪಾಡೊಂದಿದೆ; ಆದರೂ ಹರಡುತ್ತ ಹೋಗುವಾಗ ೩೦,೦೦೦ ಅಕ್ಷರಗಳಲ್ಲಿ ತಿಂಗಳಿಗೆ ಸುಮಾರು ಎರಡು ಬದಲಾವಣೆಗಳು ನೆಲೆಯೂರುತ್ತವೆ. ಇಬ್ಬರು ರೋಗಿಗಳ ವೈರಸ್ಸಿನಲ್ಲಿ ಒಂದೇ ಬಗೆಯ ಪಾಠಾಂತರವಿದ್ದರೆ ಅವರು ಒಂದೇ ಶಾಖೆಯವರು. ಅಡೆತಡೆಯಿಲ್ಲದೆ ಹೊಸ ಹೊಸ ಪ್ರತಿಗಳು ಹುಟ್ಟುತ್ತಿದ್ದರೆ, ಹೆಚ್ಚು ಚುರುಕಾಗಿ ಹರಡುವ ಪಾಠಗಳು ಏಳುವುದಕ್ಕೂ ಅವಕಾಶ ಹೆಚ್ಚು.

ಈ ವಿದ್ಯೆಗೆ ಒಂದು ಮಿತಿಯಿದೆ; ಅದನ್ನು ಮರೆಮಾಚಬಾರದು. ರೋಗಿಗಳು ನೂರಾರು ಇದ್ದಾಗ ಶೋಧನೆ ನಡೆದೀತು. ೨೦೨೧ರ ಮೇ ೫ರಂದು ಕರ್ನಾಟಕದಲ್ಲಿ ಒಂದೇ ದಿನ ವರದಿಯಾದ ಹೊಸ ರೋಗಿಗಳು ೫೦,೧೧೨. ತಲೆಗೆ ಹತ್ತು ಸಂಪರ್ಕವೆಂದರೂ ದಿನಕ್ಕೆ ಐದು ಲಕ್ಷ ಜನರನ್ನು ಹುಡುಕಬೇಕು. ಕಾಡಿಗೆಲ್ಲ ಬೆಂಕಿ ಹತ್ತಿದ ಮೇಲೆ ಕಿಡಿಯ ಜಾಡು ಹುಡುಕಿ ಫಲವಿಲ್ಲ. ಆಗ ಆಮ್ಲಜನಕ, ಹಾಸಿಗೆ, ಲಸಿಕೆ ಇವೇ ಮುಂದಿನ ಮಾತು. ಶೋಧನೆಯ ಕಾಲ ಕಿಡಿ ಒಂದೆರಡು ಇರುವಾಗಲೇ.

ಇನ್ನೊಂದು ಮಿತಿ ಸಂಖ್ಯೆಯದಲ್ಲ, ಮನಸ್ಸಿನದು. ೨೦೨೦ರ ಮೊದಲ ತಿಂಗಳುಗಳ ಸರ್ಕಾರಿ ಪ್ರಕಟಣೆಗಳಲ್ಲಿ ರೋಗಿಗಳಿಗೆ ಹೆಸರಿನ ಬದಲು ‘ಪಿ’ ಅಕ್ಷರದ ಮುಂದೆ ಒಂದು ಸಂಖ್ಯೆಯಿರುತ್ತಿತ್ತು. ಇಂಥ ಸಂಖ್ಯೆಯವರ ಸಂಪರ್ಕದಿಂದ ಇಂಥ ಸಂಖ್ಯೆಯವರಿಗೆ ಎಂದು ವಂಶಾವಳಿಯಂತೆ ಬರೆದಿರುತ್ತಿತ್ತು. ಅದು ಹೆಸರನ್ನು ಕಾಪಾಡುವ ಒಳ್ಳೆಯ ಉಪಾಯವೇ. ಆದರೆ ಅದೇ ದಿನಗಳಲ್ಲಿ ಪ್ರತ್ಯೇಕವಾಸದಲ್ಲಿದ್ದವರ ಕೈಗೆ ಮುದ್ರೆಯೊತ್ತಿದ್ದೂ, ಅವರ ಮನೆಗಳ ವಿಳಾಸದ ಪಟ್ಟಿ ಬಹಿರಂಗವಾದದ್ದೂ ಉಂಟು. ಪತ್ರಿಕೆಗಳಲ್ಲಿ ಪರೀಕ್ಷೆಗೆ ಕಾದಿರುವವರು ‘ಶಂಕಿತರು’ ಎನಿಸಿಕೊಂಡರು. ಕಳವಿನ ಮೊಕದ್ದಮೆಯಲ್ಲಿ ಬಳಸುವ ಮಾತೂ ಅದೇ. ನೆರೆಯವರು ಮಾತು ಬಿಟ್ಟರು, ಮನೆಯೊಡೆಯರು ಮನೆ ಬಿಡಿಸಲು ನೋಡಿದರು. ಮನೆ ಮನೆಗೆ ವಿಚಾರಿಸಲು ಹೋದ ಆಶಾ ಕಾರ್ಯಕರ್ತೆಯರ ಮೇಲೆ ಬೆಂಗಳೂರಿನಲ್ಲೇ ಹಲ್ಲೆ ನಡೆಯಿತು. ತನ್ನ ಒಂದು ಮಾತಿನಿಂದ ಗೆಳೆಯನ ಮನೆಯ ಬಾಗಿಲಿಗೆ ಚೀಟಿ ಅಂಟುವುದಾದರೆ ಯಾರು ತಾನೆ ಹೆಸರು ಹೇಳಿಯಾರು?

ಇಲ್ಲಿ ನಮ್ಮ ಸಮಾಜಕ್ಕೇ ವಿಶೇಷವಾದ ಒಂದು ಅಪಾಯವಿದೆ. ಸೋಂಕನ್ನು ಮೈಲಿಗೆಯೊಡನೆ ಬೆರೆಸಿಬಿಡುವುದು ನಮಗೆ ಬಹು ಸುಲಭ. ಮುಟ್ಟಬಾರದೆಂಬ ಮಾತನ್ನು ಶತಮಾನಗಳ ಕಾಲ ಹುಟ್ಟಿನ ಮೇಲೆ ಹೇರಿದ ನಾಡು ಇದು. ಮೈಲಿಗೆಯೆಂಬ ಭಾವನೆ ಮನುಷ್ಯನನ್ನು ನೋಡುತ್ತದೆ. ಅವನ ಜಾತಿ, ಕೇರಿ, ಮತವನ್ನು ಕೇಳುತ್ತದೆ. ಸೋಂಕು ಅದೊಂದನ್ನೂ ಕೇಳದು. ಅದಕ್ಕೆ ಬೇಕಾದದ್ದು ಎಷ್ಟು ಹತ್ತಿರ, ಎಷ್ಟು ಹೊತ್ತು, ಎಷ್ಟು ಗಾಳಿ ಎಂಬ ಲೆಕ್ಕ ಮಾತ್ರ. ಅದು ಬರುವುದಕ್ಕೊಂದು ಗಳಿಗೆಯಿದೆ, ಹೋಗುವುದಕ್ಕೊಂದು ದಿನವಿದೆ. ಆಮೇಲೆ ಆ ವ್ಯಕ್ತಿಯಲ್ಲಿ ಕಳಂಕವೇನೂ ಉಳಿಯುವುದಿಲ್ಲ. ಈ ವ್ಯತ್ಯಾಸ ಮನಸ್ಸಿಗೆ ಇಳಿಯದಿದ್ದರೆ ಶೋಧಕನ ಪ್ರಶ್ನೆ ಆರೋಪವಾಗಿಯೂ, ಉತ್ತರ ಚಾಡಿಯಾಗಿಯೂ ಕೇಳಿಸುತ್ತದೆ.

ಇದಕ್ಕೆ ವಿರುದ್ಧವಾದ ಒಳ್ಳೆಯ ನೆನಪೂ ನಮ್ಮಲ್ಲಿದೆ. ೧೯೭೩ರಿಂದ ಮುಂದೆ ಸಿಡುಬಿನ ನಿರ್ಮೂಲನಕ್ಕಾಗಿ ಕಾರ್ಯಕರ್ತರು ಸಿಡುಬಾದ ಮಗುವಿನ ಚಿತ್ರಪಟವನ್ನು ಹಿಡಿದು ಭಾರತದ ಹಳ್ಳಿ, ಸಂತೆ, ಶಾಲೆಗಳಲ್ಲಿ ‘ಇಂಥದ್ದನ್ನು ಕಂಡಿದ್ದೀರಾ?’ ಎಂದು ಕೇಳುತ್ತ ಸುತ್ತಿದರು. ರೋಗಿಯ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿ ಬೇಲಿ ಕಟ್ಟಿದರು. ಕೊನೆಯ ಹಂತದಲ್ಲಿ, ಸಿಡುಬನ್ನು ತೋರಿಸಿಕೊಟ್ಟವರಿಗೆ ಸಾವಿರ ರೂಪಾಯಿ ಬಹುಮಾನವೂ ಇತ್ತು. ಸುಳಿವು ಕೊಟ್ಟವನಿಗೆ ದಂಡವಲ್ಲ, ಬಹುಮಾನ! ೧೯೭೫ರಲ್ಲಿ ಭಾರತದಿಂದ ಸಿಡುಬು ತೊಲಗಿತು. ೧೯೭೭ರ ಅಕ್ಟೋಬರಿನಲ್ಲಿ ಸೋಮಾಲಿಯಾದಲ್ಲಿ ಸಹಜವಾಗಿ ಹರಡಿದ ಕೊನೆಯ ಪ್ರಕರಣ ಕಂಡಿತು. ಸಿಡುಬು ಮುಖದ ಮೇಲೆ ಬರೆದುಕೊಂಡು ಬರುವ ರೋಗ. ಕೊರೋನಾ ಬಚ್ಚಿಟ್ಟುಕೊಳ್ಳುವ ರೋಗ. ಕಣ್ಣಿಗೆ ಕಾಣದ್ದನ್ನು ಹುಡುಕುವಾಗ ಬಾಯಿಬಿಟ್ಟು ಹೇಳುವವರ ಮೇಲೆಯೇ ಎಲ್ಲವೂ ನಿಂತಿರುತ್ತದೆ.

೨೦೨೩ರ ಮೇ ೫ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೋನಾದ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ವೈರಸ್ಸು ಹೋಗಲಿಲ್ಲ, ನಮ್ಮೊಡನೆ ಉಳಿಯಿತು. ಲಸಿಕೆಯಿಂದಲೂ ಹಿಂದಿನ ಸೋಂಕಿನಿಂದಲೂ ಬಂದ ರಕ್ಷಣೆಯ ಬಲದಿಂದ ಅದನ್ನು ತಾಳಿಕೊಳ್ಳುವುದನ್ನು ಕಲಿತಿದ್ದೇವೆ. ಆದರೆ ಕ್ಷಯ, ದಡಾರ, ಕೇರಳದಲ್ಲಿ ಆಗಾಗ ತಲೆಯೆತ್ತುವ ನಿಪಾ ಇವುಗಳ ಎದುರು ಆ ಹಳೆಯ ಪ್ರಶ್ನೆಯನ್ನು ಇಂದಿಗೂ ಕೇಳುತ್ತಲೇ ಇರಬೇಕಾಗಿದೆ; ಮುಂದೆ ಬರುವ ಹೆಸರಿಲ್ಲದ ಜ್ವರಕ್ಕೂ ಮೊದಲ ಮದ್ದು ಅದೇ. ಒಂದು ದಿನ ನಿಮ್ಮ ಮನೆಯ ದೂರವಾಣಿಯೂ ಮೊಳಗಬಹುದು. ಆಗ ಕೊಂಚ ಸಾವಧಾನದಿಂದ, ಹಿಂದಿನ ನಾಲ್ಕು ದಿನಗಳನ್ನು ಬೆಳಗಿನಿಂದ ಬೈಗಿನವರೆಗೆ ನೆನೆದುಕೊಂಡು ಉತ್ತರ ಹೇಳಿ. ಮಗಳನ್ನೂ ಮೊಮ್ಮಗುವನ್ನೂ ಆ ಪಟ್ಟಿಯಿಂದ ಬಿಡಬೇಡಿ. ಅವರು ನಮ್ಮವರು; ಆದುದರಿಂದಲೇ ಅವರ ಹೆಸರನ್ನು ಮೊದಲು ಹೇಳಬೇಕು.